ಮರೆವ್ವ ಊರಿಗೆ ಹೋಗಿಲ್ಲ

ನಾಗಸಂದ್ರ ಮೆಟ್ರೋ ನಿಲ್ದಾಣದ ಹಿಂದುಗಡೆ ಚಿಕ್ಕಮುನಿಯಮ್ಮನವರ ವಠಾರವಿದೆ. ವಠಾರ ಅಂದರೆ ದೊಡ್ಡ ಮಾತಾಯಿತು. ಎದುರುಬದುರು ಎರಡು ಸಾಲು ಕೋಣೆಗಳು, ನಡುವೆ ಒಂದು ಓಣಿ, ಓಣಿಯ ಕೊನೆಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಮುಂದುಗಡೆ ರಸ್ತೆಗೆ ಮುಖ ಮಾಡಿಕೊಂಡು ಮಾಲೀಕರ ಮೂರಂತಸ್ತಿನ ಮನೆ. ನಾನು ಶಿವಗಂಗಾ, ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಓಣಿಯ ಮೊದಲನೆಯ ಮನೆ ನನ್ನದು. ನನ್ನದು ಅಂದುಬಿಟ್ಟೆ, ನೋಡಿ. ಬಾಡಿಗೆ ಕಟ್ಟಿ ಕಟ್ಟಿ ಬಾಯಿಗೆ ಹಾಗೆ ಬಂದುಬಿಡುತ್ತದೆ.

ಮರೆವ್ವನ ಮನೆ ನನ್ನ ಎದುರಿಗಿತ್ತು. ಕುಷ್ಟಗಿ ಕಡೆಯವಳು, ಮೂವತ್ತು ದಾಟಿರಬಹುದು. ಗಂಡ ನೀಲಪ್ಪ ಗಾರೆ ಕೆಲಸದವನು, ಮಗಳು ಭಾಗ್ಯಶ್ರೀ ಹೈಸ್ಕೂಲಿನಲ್ಲಿದ್ದಳು. ಊರವರ ಮನೆಗಳನ್ನೆಲ್ಲ ಕಟ್ಟುವ ನೀಲಪ್ಪನಿಗೆ ಸ್ವಂತ ಮನೆಯಿಲ್ಲವಲ್ಲ ಎಂದು ಯಾರಾದರೂ ನಿಟ್ಟುಸಿರು ಬಿಟ್ಟರೆ ನನಗೆ ಮೈ ಉರಿಯುತ್ತದೆ. ವಿಮಾನ ರಿಪೇರಿ ಮಾಡುವವನ ಹತ್ತಿರ ಸ್ವಂತ ವಿಮಾನ ಇರುತ್ತದೆಯೇ? ನೀಲಪ್ಪನಿಗೆ ಅಂಥ ಕೊರಗೇನೂ ಇರಲಿಲ್ಲ. ಸಂಜೆ ಬಂದು ಕೈಕಾಲು ತೊಳೆದು, ಹೊಟ್ಟೆತುಂಬ ಉಂಡು, ಮೊಬೈಲಿನಲ್ಲಿ ಬಯಲಾಟ ನೋಡುತ್ತ ಮಲಗಿಬಿಡುವ ಆಸಾಮಿ ಅವನು. ಮನೆ ಬೇಕು ಅಂದವಳು ಮರೆವ್ವ.

ಅವಳಿಗೆ ಮನೆ ಬೇಕಾದದ್ದು ರೊಟ್ಟಿಗಾಗಿ. ಬೆಂಗಳೂರಿಗೆ ಬಂದ ಹೊಸತರಲ್ಲಿ ಗಂಡನ ಜೊತೆ ಕೆಲಸ ಮಾಡುವ ನಾಲ್ಕಾರು ಜನರಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಿದ್ದಳು. ಅವರಿಂದ ಇನ್ನಷ್ಟು ಜನಕ್ಕೆ ಗೊತ್ತಾಯಿತು. ಪೀಣ್ಯದ ಶೆಡ್ಡುಗಳಲ್ಲಿ ಕೆಲಸ ಮಾಡುವ ಕೊಪ್ಪಳ, ರಾಯಚೂರು, ಬಾಗಲಕೋಟೆ ಕಡೆಯ ಹುಡುಗರಿಗೆ ಅನ್ನ ತಿಂದರೆ ಉಂಡಂತೆಯೇ ಆಗುವುದಿಲ್ಲ. ಬೆಳಿಗ್ಗೆ ಡಬ್ಬಿ ಹಿಡಿದು ಬಂದು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ವ್ಯಾಪಾರ ಚೆನ್ನಾಗಿಯೇ ನಡೆಯಿತು. ತೊಂದರೆ ಅಂದರೆ ರೊಟ್ಟಿ ಬಡಿಯುವ ಸದ್ದು. ನಸುಕಿನಲ್ಲಿ ಎದ್ದು ಪಟಪಟ ಪಟಪಟ ಎಂದು ಶುರು ಮಾಡಿದರೆ ಮೇಲಿನ ಮನೆಯವರಿಗೆ ನಿದ್ದೆ ಹಾಳು, ಪಕ್ಕದ ಮನೆಯವರಿಗೆ ತಲೆನೋವು. ಮಾಲೀಕರು ಬಂದು ಖಾಲಿ ಮಾಡಿ ಅನ್ನುತ್ತಿದ್ದರು. ಹೆಗ್ಗನಹಳ್ಳಿ, ದಾಸರಹಳ್ಳಿ, ಲಗ್ಗೆರೆ, ಎಲ್ಲ ಕಡೆಯಿಂದಲೂ ಅವಳ ಹಂಚು ಬೀದಿಗೆ ಬಿದ್ದದ್ದೇ. ಪ್ರತಿ ಸಲವೂ ಹಳೆಯ ಗಿರಾಕಿಗಳು ಕೈಬಿಟ್ಟು ಹೋಗುತ್ತಿದ್ದರು, ಹೊಸ ಬೀದಿಯಲ್ಲಿ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು. ಚಿಕ್ಕಮುನಿಯಮ್ಮನವರು ಮಾತ್ರ, "ಬಡ್ಕೊ ಬಡ್ಕೊ, ನಂಗೆ ಎಂಗೂ ಆ ಒತ್ಗೆ ಎಚ್ಚರ ಆಗ್ತದೆ" ಅಂದಿದ್ದರು. ಆದರೆ ಅವರಿಗೂ ಎಪ್ಪತ್ತು ದಾಟಿತ್ತು. ಮಗ ಬೈರಪ್ಪ ಆಗಲೇ ಈ ಕೋಣೆಗಳನ್ನು ಕೆಡವಿ ಪಿಜಿ ಕಟ್ಟುವ ಮಾತಾಡುತ್ತಿದ್ದ.

ಆಗ ಚಿಕ್ಕಬಾಣಾವರದ ರೈಲ್ವೆ ನಿಲ್ದಾಣದ ಆಚೆ, ಕಡಿಮೆ ಆದಾಯದವರಿಗೆ ಎಂದು ಸರ್ಕಾರದ ಯೋಜನೆಯೊಂದರಲ್ಲಿ ಮನೆಗಳು ಎದ್ದವು. ಒಂದು ಹಾಲು, ಒಂದು ರೂಮು, ಒಂದು ಅಡುಗೆಮನೆ. ಮರೆವ್ವ ಅರ್ಜಿ ಹಾಕಿದಳು. ಚೀಟಿ ಎತ್ತಿದಾಗ ಅವಳ ಹೆಸರು ಬಂತು, ಅದೂ ನೆಲಮಹಡಿಯ ಮೂಲೆಮನೆ, ಹಿಂದೆ ಕಾಂಪೌಂಡು ಗೋಡೆ. ಎಷ್ಟು ಬಡಿದರೂ ಖಾಲಿ ಮಾಡಿ ಅನ್ನುವವರು ಯಾರೂ ಇಲ್ಲ. ಮುಂಗಡಕ್ಕೆ ಅವಳು ವರ್ಷಗಟ್ಟಲೆ ಕಟ್ಟಿದ ಚೀಟಿಯ ದುಡ್ಡು ಸರಿಹೋಯಿತು. ಉಳಿದದ್ದಕ್ಕೆ ಬ್ಯಾಂಕ್ ಸಾಲ ಆಗಬೇಕು. ಎಷ್ಟು ಸಾಲ ಎಂದು ನಾನು ಬರೆಯುವುದಿಲ್ಲ, ಇನ್ನೊಬ್ಬರ ಮನೆಯ ಲೆಕ್ಕ ನಮಗೇಕೆ? ಗೊತ್ತಿರಬೇಕಾದದ್ದು ಇಷ್ಟೇ. ಮಾರ್ಚ್ ಮುಗಿಯುವುದರೊಳಗೆ ಬ್ಯಾಂಕಿನ ಮಂಜೂರಾತಿ ಪತ್ರ ಕೊಡದಿದ್ದರೆ ಆ ಮನೆ ಕಾಯುತ್ತಿರುವ ಮುಂದಿನವರಿಗೆ ಹೋಗುತ್ತದೆ. ಮತ್ತೆ ಅಂಥ ಮನೆ ಅವಳ ಜನ್ಮದಲ್ಲಿ ಸಿಗುವುದಿಲ್ಲ.

ಇದು ವಠಾರದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಅರ್ಜಿ ತುಂಬಿಸಲು ಜನ ಬೇಕಿತ್ತಲ್ಲ, ಅದಕ್ಕೆ ಹೇಳಿದ್ದಳು. ಕೆಲಸ ಕೈಗೂಡುವ ಮೊದಲೇ ಬಾಯಿಬಿಟ್ಟರೆ ದೃಷ್ಟಿ ತಾಗುತ್ತದೆ ಎಂದು ಅವಳ ನಂಬಿಕೆ. "ಸಿದ್ದಕ್ಕನಿಗಾದರೂ ಹೇಳೇ" ಅಂದೆ. ಸಿದ್ದಕ್ಕ ಪಕ್ಕದ ಮನೆಯ ಮುದುಕಿ, ಮರೆವ್ವನ ಜೊತೆ ಹಿಟ್ಟು ಜರಡಿ ಹಿಡಿಯುವವಳು, ತಾಯಿಯಂತೆಯೇ ಇದ್ದವಳು. "ಬ್ಯಾಡ್ರಿ ಅಕ್ಕಾರ, ಕೀಲಿಕೈ ಕೈಗೆ ಬರ್ಲಿ, ಆಮ್ಯಾಲ ಪೇಡೆ ಹಂಚೂಣು" ಅಂದಳು. ಹಟಮಾರಿ ಹೆಂಗಸು. ನಾನು ಸುಮ್ಮನಾದೆ.

ಇಲ್ಲಿ ನಮ್ಮ ವಠಾರದ ಒಂದು ಕಟ್ಟಳೆಯ ವಿಷಯ ಹೇಳಲೇಬೇಕು. ಹೆಗಲಿಗೆ ಬ್ಯಾಗು ಹಾಕಿಕೊಂಡ ಗಂಡಸು ಬೈಕಿನಿಂದ ಇಳಿದು, ಯಾರದಾದರೂ ಹೆಸರನ್ನು ಗಂಡನ ಹೆಸರೋ ತಂದೆಯ ಹೆಸರೋ ಸೇರಿಸಿ ಪೂರ್ತಿಯಾಗಿ ಕೇಳಿದರೆ ಅಂಥವರು ಇಲ್ಲಿ ಇಲ್ಲ. ಊರಿಗೆ ಹೋಗಿದ್ದಾರೆ. ಯಾವಾಗ ಬರುತ್ತಾರೋ ಯಾರಿಗೂ ತಿಳಿಯದು. ಹಾಗೆ ಕೇಳಿಕೊಂಡು ಬರುವವರು ಕಂತು ವಸೂಲಿ ಮಾಡುವ ಫೈನಾನ್ಸಿನವರೇ ಹೊರತು ಬೇರೆ ಯಾರೂ ಅಲ್ಲ ಎಂಬುದು ಎಲ್ಲರ ಅನುಭವ. ದೊಡ್ಡ ಟಿವಿ ತಂದು ಕಂತು ನಿಲ್ಲಿಸಿದ ಸಂಗಣ್ಣ ಈ ಕಟ್ಟಳೆಯ ಆಶ್ರಯದಲ್ಲೇ ಬದುಕುತ್ತಿದ್ದ. ಎದುರಿಗೆ ನಿಂತಿದ್ದರೂ ಅವನನ್ನು ಯಾರೂ ತೋರಿಸುತ್ತಿರಲಿಲ್ಲ. ಒಂದು ಸಲ ಅವನೇ, "ಸಂಗಣ್ಣ ಊರಿಗೆ ಹೋಗ್ಯಾನ್ರಿ" ಎಂದು ಹೇಳಿ ಕಳಿಸಿದ್ದನಂತೆ.

ಮಾರ್ಚ್ ತಿಂಗಳ ಮೊದಲ ವಾರ ಬ್ಯಾಂಕಿನ ಪರವಾಗಿ ವಿಚಾರಣೆ ಮಾಡುವವನು ವಠಾರಕ್ಕೆ ಬಂದ. ಶಶಿಕುಮಾರ್ ಎಂದು ಅವನ ಹೆಸರು. ಅರ್ಜಿ ಹಾಕಿದವರು ಹೇಳಿದ ವಿಳಾಸದಲ್ಲಿ ಇದ್ದಾರೆಯೇ, ಹೇಳಿದ ವ್ಯಾಪಾರ ಮಾಡುತ್ತಾರೆಯೇ ಎಂದು ನೋಡಿ ಬರೆದುಕೊಡುವುದು ಅವನ ಕೆಲಸ. ಬೈಕಿನಿಂದ ಇಳಿದ. ಹೆಗಲಲ್ಲಿ ಬ್ಯಾಗಿತ್ತು. ಮರೆವ್ವ ಜೋಳ ತರಲು ಹೋಗಿದ್ದಳು, ನೀಲಪ್ಪ ಕೆಲಸಕ್ಕೆ, ನಾನು ಫ್ಯಾಕ್ಟರಿಗೆ. ಸಿದ್ದಕ್ಕ ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಮರೆವ್ವ, ಗಂಡ ನೀಲಪ್ಪ. ಯಾವ ಮನೆ ಅಜ್ಜಿ?" ಎಂದು ಕೇಳಿದ ಶಶಿಕುಮಾರ್.

"ಯಾವ ಮರೆವ್ವ?" ಅಂದಳು ಸಿದ್ದಕ್ಕ.

"ರೊಟ್ಟಿ ವ್ಯಾಪಾರ ಮಾಡ್ತಾರಂತಲ್ಲ, ಅವ್ರು."

"ವ್ಯಾಪಾರಾ? ಇಲ್ಲಿ ಯಾರೂ ವ್ಯಾಪಾರ ಮಾಡಂಗಿಲ್ಲಪ. ಆಕಿ ಊರಿಗೆ ಹೋಗ್ಯಾಳ. ಭಾಳ ದಿನಾ ಆತು."

ಶಶಿಕುಮಾರ್ ಮರೆವ್ವನ ಕಟ್ಟೆಯ ಕಡೆ ನೋಡಿದ. ಕಟ್ಟೆಯ ಮೇಲೆ ಬಟ್ಟೆ ಹಾಸಿ ಕಟಕ ರೊಟ್ಟಿ ಒಣಹಾಕಿತ್ತು, ಒಂದು ಮದುವೆಗೆ ಆಗುವಷ್ಟು. "ಮತ್ತೆ ಇಷ್ಟೊಂದು ರೊಟ್ಟಿ ಯಾರಿಗೆ?"

"ಆಕಿ ಗಂಡಗ ಹಸಿವು ಜಾಸ್ತಿ."

ಈ ಮಾತುಗಳನ್ನು ಒಳಗಿನಿಂದ ಕೇಳಿದ ಸಂಗಣ್ಣ ರಾತ್ರಿಪಾಳಿಯ ನಿದ್ದೆ ಬಿಟ್ಟು ಎದ್ದು, ಶಶಿಕುಮಾರ್ ಆ ಕಡೆ ತಿರುಗಿದ ಹೊತ್ತು ನೋಡಿ ಬಾಗಿಲ ಮೇಲಿದ್ದ 'ಮರೆವ್ವ ರೊಟ್ಟಿ ಕೇಂದ್ರ' ಎಂಬ ಹಲಗೆಯನ್ನು ಮೊಳೆಯಿಂದ ಕಿತ್ತು ತನ್ನ ಮಂಚದ ಕೆಳಗೆ ತಳ್ಳಿದ. ಶಶಿಕುಮಾರ್ ಕೊನೆಗೆ ಮುಂದಿನ ಮನೆಗೆ ಹೋಗಿ ಬೆಲ್ ಒತ್ತಿದ. ಚಿಕ್ಕಮುನಿಯಮ್ಮನವರು ಮಹಡಿಯಿಂದ ಬಗ್ಗಿ ನೋಡಿದರು. ಬ್ಯಾಗು ಕಂಡಿತು. ಕಂದಾಯದವನೋ ಕರೆಂಟಿನವನೋ ಇರಬೇಕು ಎಂದುಕೊಂಡು, "ನಂಗೇನೂ ಗೊತ್ತಿಲ್ಲ, ಓಗಪ್ಪ" ಅಂದರು.

ಸಂಜೆ ನಾನು ಬರುವ ಹೊತ್ತಿಗೆ ಸಿದ್ದಕ್ಕ ಮರೆವ್ವನ ಮುಂದೆ ಕೂತು ಈ ಸಾಹಸವನ್ನೆಲ್ಲ ಹೇಳಿ ಮುಗಿಸಿದ್ದಳು. "ನೀ ಯಾವಾಗ ಸಾಲ ಮಾಡಿದ್ಯೋ ನಾ ಕೇಳಂಗಿಲ್ಲ. ಆದ್ರ ಆ ಮನಿಷ್ಯಾ ಇನ್ನ ಈ ಕಡೆ ತಲಿ ಹಾಕಂಗಿಲ್ಲ ಬಿಡು" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಸಂಗಣ್ಣ ಮಂಚದ ಕೆಳಗಿನಿಂದ ಹಲಗೆ ತಂದು ಬಹುಮಾನ ಕೊಡುವವನಂತೆ ಮರೆವ್ವನ ಕೈಗಿಟ್ಟ. ಅವಳು ಅದನ್ನು ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟಳು. ಬಂದವನು ಬ್ಯಾಂಕಿನ ಕಡೆಯವನೆಂದು ಹೊಳೆದು ನನಗೆ ಒಂದೇ ಸಲಕ್ಕೆ ನಗುವೂ ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡುವುದು? ಎಲ್ಲರೂ ಪ್ರೀತಿಯಿಂದಲೇ ಅವಳ ಮನೆ ಮುಳುಗಿಸಿದ್ದರು.

ಮೂರನೆಯ ದಿನ ಬ್ಯಾಂಕಿನಿಂದ ಫೋನ್ ಬಂತು. ಅರ್ಜಿದಾರರು ಆ ವಿಳಾಸದಲ್ಲಿ ವಾಸವಿಲ್ಲ, ವ್ಯಾಪಾರ ಕಂಡುಬಂದಿಲ್ಲ, ಫೈಲು ವಾಪಸ್. ನಾನು ಅರ್ಧ ದಿನ ರಜೆ ಹಾಕಿ ಅವಳನ್ನು ಕರೆದುಕೊಂಡು ಹೋದೆ. ಸಾಲದ ವಿಭಾಗದಲ್ಲಿ ಶ್ಯಾಮಲಾ ಎಂಬವರು ಕೂತಿದ್ದರು, ಸಣ್ಣ ವಯಸ್ಸಿನ ಅಧಿಕಾರಿ. ಫೈಲು ತೆಗೆದು ತೋರಿಸಿದರು.

"ನೀವು ಸುಳ್ಳು ಹೇಳ್ತಿದೀರಿ ಅಂತ ನಾನು ಅನ್ನಲ್ಲಮ್ಮ. ಆದ್ರೆ ಫೈಲಲ್ಲಿ ಇರೋದು ಇದು."

"ಮೇಡಂ, ಅವರು ನನ್ನ ಉಳಿಸಾಕಂತ ಹಂಗ ಹೇಳ್ಯಾರ್ರಿ" ಅಂದಳು ಮರೆವ್ವ. "ನಮ್ಮ ಓಣ್ಯಾಗ ಬ್ಯಾಗ್ ಹಾಕ್ಕೊಂಡು ಬಂದೋರಿಗೆ ಯಾರೂ ಖರೇ ಹೇಳಂಗಿಲ್ರಿ. ನಾನೂ ಹೇಳಂಗಿಲ್ರಿ. ಹೋದ ವಾರ ಸಂಗಣ್ಣನ ಕೇಳ್ಕೊಂಡು ಬಂದಿದ್ರು, ಊರಿಗೆ ಹೋಗ್ಯಾನ ಅಂತ ನಾನಽ ಹೇಳಿ ಕಳಿಸೀನ್ರಿ."

ಶ್ಯಾಮಲಾ ತಲೆ ತಗ್ಗಿಸಿ ಡ್ರಾಯರಿನಲ್ಲಿ ಏನೋ ಹುಡುಕತೊಡಗಿದರು. ನಗು ತಡೆಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಆಮೇಲೆ ಮುಖ ಗಂಭೀರ ಮಾಡಿಕೊಂಡು ಹೇಳಿದರು. "ಇನ್ನೊಂದ್ಸಲ ಕಳಿಸ್ತೀನಿ. ಒಂದೇ ಸಲ. ಯಾವತ್ತು ಬರ್ತಾರೆ ಅಂತ ಹೇಳೋ ಹಾಗಿಲ್ಲ, ಅದು ರೂಲ್ಸ್. ಮತ್ತೆ ನಿಮ್ಮ ಹತ್ರ ಬಾಡಿಗೆ ಕರಾರು ಪತ್ರ ಇಲ್ಲ. ಹಂಗಾಗಿ ಓನರ್ರೇ ಇವ್ರು ನಮ್ಮ ಬಾಡಿಗೆದಾರರು, ಇಲ್ಲೇ ವ್ಯಾಪಾರ ಮಾಡ್ತಾರೆ ಅಂತ ಬರ್ದು ಸಹಿ ಹಾಕ್ಬೇಕು."

ಹೊರಗೆ ಬಂದಮೇಲೆ ಮರೆವ್ವ, "ಓನರ್ ಸಹಿ ಅಂದ್ರ ಮುಗೀತ್ರಿ ಅಕ್ಕಾರ" ಅಂದಳು. ಅವಳ ಭಯ ಸುಳ್ಳಲ್ಲ. ಮನೆ ಮೀಟರಿನಲ್ಲಿ ವ್ಯಾಪಾರ ನಡೆಯುತ್ತಿದೆ ಎಂದು ಯಾವ ಮಾಲೀಕ ಬರೆದುಕೊಡುತ್ತಾನೆ? ಅದಕ್ಕಿಂತ ಹೆಚ್ಚಾಗಿ, ಬಿಟ್ಟುಹೋಗುವವಳು ಎಂದು ಗೊತ್ತಾದರೆ ನಾಳೆಯೇ ಖಾಲಿ ಮಾಡು ಅಂದುಬಿಟ್ಟರೆ? ಮನೆಯೂ ಸಿಗದೆ, ಇದ್ದ ಕೋಣೆಯೂ ಹೋದರೆ?

ಭಾನುವಾರ ನೀರು ಬರುವ ಹೊತ್ತಿಗೆ ಎಲ್ಲರೂ ನಲ್ಲಿಯ ಹತ್ತಿರ ಸೇರಿದ್ದರು. ಮರೆವ್ವ ಬಿಂದಿಗೆ ಕೆಳಗಿಟ್ಟು ಎಲ್ಲವನ್ನೂ ಹೇಳಿದಳು, ಚಿಕ್ಕಬಾಣಾವರದ ಮನೆ, ಬ್ಯಾಂಕಿನ ಸಾಲ, ಮಾರ್ಚ್‌ನ ಗಡುವು, ಬಂದುಹೋದವನು ಯಾರು ಎನ್ನುವುದು. ಸಿದ್ದಕ್ಕನ ಬಿಂದಿಗೆ ತುಂಬಿ ಹರಿಯುತ್ತಿದ್ದರೂ ಅವಳು ನಲ್ಲಿ ನಿಲ್ಲಿಸಲಿಲ್ಲ.

"ನನಗೂ ಹೇಳಬಾರದಾಗಿತ್ತೇನು?" ಅಂದಳು ಸಿದ್ದಕ್ಕ. "ನಾ ಏನ್ ಕಣ್ಣು ಹಾಕ್ತಿದ್ದೆನೇನು ನಿನ್ನ ಮನಿಗೆ? ನನ್ನ ಬಾಯಿಂದಽ ನಿನ್ನ ಮನಿ ಹಾಳ ಮಾಡಿಸಿದೆಲ್ಲ!"

"ತಪ್ಪಾತಬೇ" ಎಂದು ಮರೆವ್ವ ಅವಳ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು. ನೀರು ಹರಿದು ಓಣಿಯೆಲ್ಲ ಒದ್ದೆಯಾಯಿತು. ಅತ್ತು ಮುಗಿದ ಮೇಲೆ ಸಿದ್ದಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನ ಮ್ಯಾಲ ಯಾವ ಬ್ಯಾಗಿನಾವ ಬಂದ್ರೂ ಮರೆವ್ವ ಊರಿಗೆ ಹೋಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ವಠಾರದ ಕಟ್ಟಳೆ ಅಲ್ಲಿಗೆ ತಿರುವುಮುರುವಾಯಿತು.

ಆಮೇಲಿನ ದಿನಗಳನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಮೊದಲು ಸಿಕ್ಕಿಬಿದ್ದವನು ಇಂಟರ್‌ನೆಟ್ ಸಂಪರ್ಕ ಮಾರುವ ಹುಡುಗ. ಅವನು ಬಾಯಿ ತೆರೆಯುವ ಮೊದಲೇ ಕೈ ಹಿಡಿದು ಎಳೆದುಕೊಂಡು ಹೋಗಿ, ಮರೆವ್ವನ ಹಂಚು ತೋರಿಸಿ, ಜೋಳದ ಚೀಲ ತೋರಿಸಿ, ಬಿಸಿ ರೊಟ್ಟಿ ಬದನೆಕಾಯಿ ಪಲ್ಯ ತಿನ್ನಿಸಿದರು. ಪಾಪ, ಅವನು ಅಂದು ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಕೈ ಮುಗಿದು ಹೋದ. ಮರುದಿನ ಕೊರಿಯರ್‌ನವನು. ಅವನ ಮುಂದೆ ಸಂಗಣ್ಣ, ಮರೆವ್ವ ದಿನಕ್ಕೆ ಐದು ಸಾವಿರ ರೊಟ್ಟಿ ಬಡಿಯುತ್ತಾಳೆ, ಮಾರತ್ತಹಳ್ಳಿಯ ಐಟಿ ಕಂಪನಿಗಳಿಗೂ ಹೋಗುತ್ತದೆ ಎಂದು ಬಿಟ್ಟ. ನನಗೆ ಕೇಳಿ ತಲೆ ಕೆಟ್ಟುಹೋಯಿತು. "ಐದು ಸಾವಿರ ಬಡಿಯೋಕೆ ಅವಳಿಗೇನು ಇಪ್ಪತ್ತು ಕೈ ಇದೆಯೇನೋ?" ಎಂದು ಬೈದೆ. ಮರೆವ್ವ ಎಲ್ಲರಿಗೂ, "ಇದ್ದದ್ದು ಇದ್ದಂಗ ಹೇಳ್ರಿ ಸಾಕು, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಬೇಡಿಕೊಂಡಳು.

ಎಲ್ಲಕ್ಕಿಂತ ದೊಡ್ಡ ಪ್ರಸಂಗ ಆಮೇಲೆ ನಡೆಯಿತು. ಒಂದು ಮಧ್ಯಾಹ್ನ ಬ್ಯಾಗಿನವನೊಬ್ಬ ಬಂದ ಕೂಡಲೇ ಸಂಗಣ್ಣನೇ ಮುಂದೆ ನುಗ್ಗಿ, "ಬರ್ರಿ ಸಾರ್, ಮರೆವ್ವ ಇಲ್ಲೇ ಅದಾಳ್ರಿ, ಎಲ್ಲಾರೂ ಇಲ್ಲೇ ಅದೀವ್ರಿ" ಅಂದ. "ನಿಮ್ಮ ಹೆಸ್ರು?" ಎಂದು ಕೇಳಿದ ಅವನು. "ಸಂಗಣ್ಣ ರೀ, ತಂದಿ ಈರಪ್ಪ" ಎಂದು ಎದೆಯುಬ್ಬಿಸಿ ಹೇಳಿದ. ಬಂದವನು ಟಿವಿ ಕಂತಿನವನು. ಅಷ್ಟು ದಿನ ಸಿಗದ ಆಸಾಮಿ ತಾನಾಗಿಯೇ ಹೆಸರು ಹೇಳಿಕೊಂಡು ನಿಂತಿದ್ದ. ಕಂತು ಕಟ್ಟದೆ ಬಿಡಲಿಲ್ಲ ಅವನು. ಸಂಗಣ್ಣ ಆ ರಾತ್ರಿ ಪಾಳಿಗೆ ಹೋಗುವಾಗ ಮರೆವ್ವನ ಬಾಗಿಲಲ್ಲಿ ನಿಂತು, "ವೈನಿ, ನಿಮ್ಮ ಮನಿ ಆಗಲಿಲ್ಲಂದ್ರ ನಾ ಸುಮ್ನಿರಂಗಿಲ್ಲ" ಅಂದು ಹೋದ.

ಇಷ್ಟೆಲ್ಲ ಆದರೂ ಚಿಕ್ಕಮುನಿಯಮ್ಮನವರ ಹತ್ತಿರ ಹೋಗಿ ಕೇಳುವ ಧೈರ್ಯ ಮಾತ್ರ ಮರೆವ್ವನಿಗೆ ಬರಲಿಲ್ಲ. ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎಂದು ತಳ್ಳುತ್ತಲೇ ಇದ್ದಳು. ಮಾರ್ಚ್ ಕರಗುತ್ತಿತ್ತು.

ಒಂದು ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದವರ ಸಾಲು ಓಣಿಯ ಬಾಯಿವರೆಗೂ ಬೆಳೆದಿತ್ತು. ನಾನು ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದೆ. ಸಾಲಿನಲ್ಲಿ ತಿಳಿನೀಲಿ ಅಂಗಿಯವನೊಬ್ಬ ಖಾಲಿ ಕೈಯಲ್ಲಿ ನಿಂತಿದ್ದ. ಬ್ಯಾಗಿಲ್ಲ, ಬೈಕೂ ಕಾಣಲಿಲ್ಲ. ಹಾಗಾಗಿ ಯಾರೂ ಅವನನ್ನು ಗಮನಿಸಲಿಲ್ಲ. ಅವನ ಸರದಿ ಬಂದಾಗ ಮರೆವ್ವ ತಲೆ ಎತ್ತದೆಯೇ, "ಅಣ್ಣಾರ, ಡಬ್ಬಿ ತಂದಿಲ್ಲೇನ್ರಿ? ಪ್ಯಾಪರ್‌ನ್ಯಾಗ ಕಟ್ಟಿಕೊಡ್ಲೇನು?" ಎಂದು ಕೇಳಿದಳು. ಅವನು ಸರಿ ಅಂದ, ದುಡ್ಡು ಕೊಟ್ಟ, ಪಕ್ಕಕ್ಕೆ ಸರಿದು ನಿಂತು ರೊಟ್ಟಿ ಮುರಿದು ತಿನ್ನತೊಡಗಿದ. ತಿನ್ನುತ್ತ ಸಾಲನ್ನು ನೋಡಿದ, ಹಂಚನ್ನು ನೋಡಿದ, ಮರಳಿ ಮೊಳೆಗೆ ಏರಿದ್ದ ಹಲಗೆಯನ್ನು ಓದಿದ.

ಹಿಟ್ಟಿನ ಪಾತ್ರೆ ಹಿಡಿದು ಹೊರಗೆ ಬಂದ ಸಿದ್ದಕ್ಕ ಅವನ ಮುಖ ನೋಡಿ ಅಲ್ಲೇ ನಿಂತಳು. "ಯವ್ವಾ, ಇವನಽ ಅವ!" ಎಂದು ಕೂಗಿದಳು.

ಮರೆವ್ವನ ಕೈ ಹಿಟ್ಟಿನ ಮೇಲೇ ನಿಂತಿತು. ಶಶಿಕುಮಾರ್ ಬಾಯಲ್ಲಿದ್ದ ತುತ್ತು ನುಂಗಿ, "ಏನಜ್ಜಿ, ನೀಲಪ್ಪಂಗೆ ಹಸಿವು ಕಮ್ಮಿ ಆಯ್ತಾ?" ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಸಿದ್ದಕ್ಕ ನಗಲಿಲ್ಲ. ಅವನ ಮುಂದೆ ಬಂದು ಕೈ ಜೋಡಿಸಿ, "ಅವತ್ತು ನಾ ಸುಳ್ಳ ಹೇಳೀನಪಾ. ಆಕಿದು ಏನೂ ತಪ್ಪಿಲ್ಲ. ಬರಕೊಂಡು ಹೋಗು" ಅಂದಳು.

"ಬರ್ಕೊಳ್ಳೋದೆಲ್ಲ ಬರ್ಕೊಂಡಾಯ್ತು ಅಜ್ಜಿ. ನಿಮ್ಮ ಓಣೀಲಿ ಬ್ಯಾಗ್ ಇದ್ರೆ ನಿಜ ಸಿಗಲ್ಲ ಅಂತ ಮೇಡಂ ಹೇಳಿದ್ರು. ಅದಕ್ಕೆ ಬಿಟ್ಟುಬಂದೆ" ಎಂದು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದ. "ಇನ್ನು ಓನರ್ ಸಹಿ ಒಂದು. ಎಲ್ಲಿದ್ದಾರೆ?"

ಕರೆಯುವ ಅಗತ್ಯ ಬೀಳಲಿಲ್ಲ. ಗಲಾಟೆ ಕೇಳಿ ಚಿಕ್ಕಮುನಿಯಮ್ಮನವರು ಕೋಲೂರಿಕೊಂಡು ಹಿಂದಿನ ಬಾಗಿಲಿನಿಂದ ಓಣಿಗೆ ಬಂದೇಬಿಟ್ಟಿದ್ದರು. ಹಿಂದೆ ಬನಿಯನ್ನಿನಲ್ಲಿ ಬೈರಪ್ಪ. ಮುದುಕಿಯ ಮುಖ ಕೆಂಪಾಗಿತ್ತು.

"ನನ್ ಮನೇಲಿದ್ಕಂಡು ಮನೆ ತಗತಾವ್ಳೆ. ಆಲಿನೋನ್ಗೆ ಗೊತ್ತು, ಬೀದಿಗೆಲ್ಲ ಗೊತ್ತು. ನಂಗ್ ಯಾಕಮ್ಮಿ ಯೋಳ್ಲಿಲ್ಲ?"

"ಹೆದರಿಕಿ ಆತ್ರಿ ಅಮ್ಮಾರ" ಅಂದಳು ಮರೆವ್ವ. ಎದ್ದು ನಿಂತಿದ್ದಳು, ಕೈತುಂಬ ಹಿಟ್ಟು. "ಖಾಲಿ ಮಾಡು ಅಂದ್ರ ಎಲ್ಲಿಗೆ ಹೋಗ್ಲಿ ಅಂತ ಹೆದರಿಕಿ ಆತ್ರಿ."

ಶಶಿಕುಮಾರ್ ಕಾಗದದಲ್ಲಿ ಇದ್ದದ್ದನ್ನು ಓದಿ ಹೇಳಿದ. ಮರೆವ್ವ ತಮ್ಮ ಬಾಡಿಗೆದಾರಳು, ಇದೇ ಮನೆಯಲ್ಲಿ ರೊಟ್ಟಿ ವ್ಯಾಪಾರ ಮಾಡುತ್ತಾಳೆ, ಬಾಡಿಗೆ ತಪ್ಪಿಸಿಲ್ಲ. ಇಷ್ಟೇ.

ಬೈರಪ್ಪ ಮುಂದೆ ಬಂದು ತಾಯಿಯ ಕಿವಿಯಲ್ಲಿ ಹೇಳಿದ. ಕಿವಿಯಲ್ಲಿ ಅಂದರೂ ಓಣಿಗೆಲ್ಲ ಕೇಳಿಸಿತು. "ಅಮ್ಮ, ಸುಮ್ನಿರು. ಸೈನ್ ಗೀನ್ ಹಾಕ್ಬೇಡ. ಕರೆಂಟ್ ಆಫೀಸ್ನೋರಿಗೆ ಗೊತ್ತಾದ್ರೆ ಕಮರ್ಷಿಯಲ್ ಮೀಟರ್ ಹಾಕ್ಸು ಅಂತಾರೆ. ನಮಗ್ಯಾಕೆ ಬೇಕು ಇವರ ಉಸಾಬರಿ?"

ಹಂಚಿನ ಮೇಲಿದ್ದ ರೊಟ್ಟಿ ಸೀಯುವ ವಾಸನೆ ಬಂದರೂ ಯಾರೂ ಅದನ್ನು ತೆಗೆಯಲಿಲ್ಲ. ನನ್ನ ಬಾಯಲ್ಲಿ ಇನ್ನೂ ಬ್ರಷ್ಷಿತ್ತು. ಮರೆವ್ವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಆ ಪೇಪರ್ ಇತ್ಲಾಗ್ ಕೊಡು" ಅಂದರು ಚಿಕ್ಕಮುನಿಯಮ್ಮ. ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಓದಲು ಬಾರದು ಅವರಿಗೆ. "ನಾನ್ ಮದ್ವೆಯಾಗಿ ಬಂದ ಒಸದ್ರಲ್ಲಿ ಇಂಗೇ ಒಂದ್ ಪೇಪರ್ ತಂದಿದ್ರು. ಒತ್ತು ಎಬ್ಬೆಟ್ಟು ಅಂದ್ರು, ಒತ್ತಿದೆ. ಏನ್ಕೆ ಅಂತ ಯಾರೂ ಯೋಳ್ಲಿಲ್ಲ. ಆಮೇಲ್ ಗೊತ್ತಾಯ್ತು, ನಮ್ ರಾಗಿ ಒಲ ಓಯ್ತು ಅಂತ. ಆಮೇಲೂ ಎಷ್ಟೋ ಒತ್ತಿವ್ನಿ. ಒತ್ತಿದಾಗೆಲ್ಲ ಒಸಿ ಒಸಿ ನೆಲ ಓಗಿದ್ದೇ. ಬತ್ತಾ ಅದೆ ಅಂತ ಒಂದ್ ದಿನಾನೂ ಒತ್ತಿಲ್ಲ." ಮಗನ ಕಡೆ ತಿರುಗಿದರು. "ಇವತ್ತು ಒಬ್ಳಿಗೆ ಒಂದ್ ಮನೆ ಆಯ್ತದೆ ಅಂತ ಒತ್ತುತೀನಿ ಕಣೋ. ಮೀಟರ್ ಬೇಕಾದ್ರೆ ಆಕ್ಸ್ಕೊಳ್ಲಿ ಬಿಡು."

ಆದರೆ ಒತ್ತಲು ಶಾಯಿಯೇ ಇಲ್ಲ. ಶಾಯಿಯ ಡಬ್ಬಿ ಬ್ಯಾಗಿನಲ್ಲಿದೆ, ಬ್ಯಾಗು ಮನೆಯಲ್ಲಿದೆ ಎಂದು ಶಶಿಕುಮಾರ್ ತಲೆ ಕೆರೆದುಕೊಂಡ. ಸಿದ್ದಕ್ಕ ಮೂಲೆಯಲ್ಲಿ ಮಗುಚಿಟ್ಟಿದ್ದ ಹಳೆಯ ಹಂಚೊಂದನ್ನು ಎತ್ತಿಕೊಂಡು ಬಂದಳು. ವರ್ಷಗಳ ಮಸಿ ಅದರ ತಳಕ್ಕೆ ಹತ್ತಿತ್ತು. ಎರಡು ಹನಿ ಎಣ್ಣೆ ಬಿಟ್ಟು ಬೆರಳಿನಿಂದ ಕಲಸಿದಳು. ಚಿಕ್ಕಮುನಿಯಮ್ಮ ಹೆಬ್ಬೆರಳನ್ನು ಅದರ ಮೇಲೆ ಉಜ್ಜಿ, ಶಶಿಕುಮಾರ್ ತೋರಿಸಿದ ಜಾಗದಲ್ಲಿ ಗಟ್ಟಿಯಾಗಿ ಒತ್ತಿದರು. ಒಂದೊಂದು ಗೆರೆಯೂ ಸ್ಪಷ್ಟವಾಗಿ ಬಿತ್ತು. ಸಾಲಿನಲ್ಲಿದ್ದ ಹುಡುಗನೊಬ್ಬ ಶಿಳ್ಳೆ ಹೊಡೆದ. ಮರೆವ್ವ ಹಿಟ್ಟಿನ ಕೈಯಲ್ಲೇ ಮುದುಕಿಯ ಕಾಲಿಗೆ ಬಿದ್ದಳು. "ಏಳಮ್ಮಿ, ರೊಟ್ಟಿ ಸೀದೋಯ್ತು" ಎಂದು ಗದರಿ ಅವರು ಒಳಗೆ ಹೋದರು.

ತಿಂಗಳ ಕೊನೆಯ ವಾರ ಮಂಜೂರಾತಿ ಪತ್ರ ಬಂತು. ನಾನೂ ಮರೆವ್ವನೂ ಆಟೋ ಮಾಡಿಕೊಂಡು ಮನೆ ಯೋಜನೆಯ ಆಫೀಸಿಗೆ ಹೋಗಿ, ಗಡುವು ಮುಗಿಯುವ ಮೊದಲೇ ಅದನ್ನು ಕೊಟ್ಟು ರಸೀದಿ ತೆಗೆದುಕೊಂಡೆವು. ದಾರಿಯುದ್ದಕ್ಕೂ ಅವಳು ಆ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ರಸೀದಿ ಕೈಗೆ ಬಂದ ಮೇಲೆ ಮಾತ್ರ ಆಫೀಸಿನ ಮೆಟ್ಟಿಲ ಮೇಲೆ ಕೂತು ಜೋರಾಗಿ ನಕ್ಕಳು. ಕಾವಲಿನವನು ಬಂದು ಏನಾಯಿತು ಎಂದು ಕೇಳುವಷ್ಟು ಜೋರಾಗಿ.

ಮಳೆಗಾಲ ಕಳೆದ ಮೇಲೆ ಗೃಹಪ್ರವೇಶ. ಇಡೀ ವಠಾರ ಟೆಂಪೋ ಮಾಡಿಕೊಂಡು ಚಿಕ್ಕಬಾಣಾವರಕ್ಕೆ ಹೋಯಿತು. ಸಂಗಣ್ಣ ಮಾವಿನ ತೋರಣ ಕಟ್ಟಿದ, ಭಾಗ್ಯಶ್ರೀ ಬಾಗಿಲಿಗೆ ರಂಗೋಲಿ ಹಾಕಿದಳು. ನೀಲಪ್ಪ ಹೊಸ ಪಂಚೆ ಉಟ್ಟುಕೊಂಡು ಗೋಡೆಗಳನ್ನೆಲ್ಲ ಅಂಗೈಯಿಂದ ಸವರಿ ನೋಡಿ, "ಈ ಮೂಲಿ ಗಾರಿ ನೆಟ್ಟಗ ಬಂದಿಲ್ಲ, ಯಾವನಽ ಮಾಡ್ಯಾನ ಇದನ್ನ" ಎಂದು ಶುರು ಮಾಡಿದ. "ಸೊಟ್ಟ ಇದ್ರೂ ನಮ್ಮ ಮೂಲಿ, ಸುಮ್ನಿರ್ರಿ" ಎಂದು ಮರೆವ್ವ ಅವನ ಬಾಯಿ ಮುಚ್ಚಿಸಿದಳು. ಅವಳು ಹಸಿರು ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಒಂದು ನಿಮಿಷವೂ ಕೂರದೆ ಓಡಾಡುತ್ತಿದ್ದಳು. ಹಾಲು ಉಕ್ಕಿಸಿದ್ದಾಯಿತು. ಬಂದವರಿಗೆಲ್ಲ ಹೋಳಿಗೆ ಬಡಿಸಿದ್ದಾಯಿತು.

ಊಟದ ಹೊತ್ತಿಗೆ ಬೈರಪ್ಪನ ಕಾರು ಬಂದು ನಿಂತಿತು. ಚಿಕ್ಕಮುನಿಯಮ್ಮನವರು ಇಳಿದರು, ಕೈಯಲ್ಲಿ ಕುಂಕುಮ ಹಚ್ಚಿದ ಹಿತ್ತಾಳೆ ಕೊಳಗ. ಈ ಮುದುಕಿ ನಮ್ಮ ಕೋಣೆಗಳಿಗೆ ಒಂದು ದಿನವಾದರೂ ಕೇಳಿ ಬಂದವರಲ್ಲ. ಗೋಡೆಗೆ ಮೊಳೆ ಹೊಡೆದಿದ್ದಾರೆಯೇ, ನೆಂಟರು ಬಂದು ಉಳಿದಿದ್ದಾರೆಯೇ ಎಂದು ನೋಡಲು ಬಾಗಿಲು ತಳ್ಳಿಕೊಂಡು ಸೀದಾ ಒಳಗೆ ಬರುತ್ತಿದ್ದರು. ನಾವು ಊಟಕ್ಕೆ ಕೂತಿದ್ದರೂ ಅಷ್ಟೇ, ತಲೆ ಬಾಚುತ್ತಿದ್ದರೂ ಅಷ್ಟೇ. ಅಂಥವರು ಅಂದು ಮರೆವ್ವನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟರು. ರಂಗೋಲಿ ತುಳಿಯದಂತೆ ಪಕ್ಕಕ್ಕೆ ಕಾಲಿಟ್ಟರು. ಆಮೇಲೆ ಹೊಸ್ತಿಲ ಆಚೆಯೇ ನಿಂತು ಸೆರಗು ಸರಿಮಾಡಿಕೊಂಡರು.

"ಮನೆ ಯಜಮಾನ್ರೇ" ಅಂದರು. "ಒಳಕ್ ಬರ್ಬೋದಾ?"

ಒಳಗೆ ಬಡಿಸುತ್ತಿದ್ದ ಮರೆವ್ವ ಬಾಗಿಲ ಕಡೆ ನೋಡಿದಳು. ಆಮೇಲೆ ತಿರುಗಿ ತನ್ನ ಹಿಂದೆ ನೋಡಿದಳು. ಯಜಮಾನರು ಯಾರೋ ತನ್ನ ಹಿಂದೆ ನಿಂತಿರಬೇಕು, ಅವರನ್ನೇ ಕೇಳುತ್ತಿದ್ದಾರೆ ಅಂದುಕೊಂಡಿದ್ದಳು. ಹಿಂದೆ ಯಾರೂ ಇರಲಿಲ್ಲ.

"ನಿನ್ನನ್ನೇ ಕಣೇ ಕೇಳ್ತಿರೋದು" ಅಂದೆ ನಾನು. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಹೋಳಿಗೆಯ ಬುಟ್ಟಿಯನ್ನು ಸಿದ್ದಕ್ಕನ ಕೈಗೆ ಕೊಟ್ಟು, ತಲೆ ಮೇಲೆ ಸೆರಗು ಎಳೆದುಕೊಂಡು, ನಿಧಾನವಾಗಿ ಬಾಗಿಲಿಗೆ ನಡೆದು ಬಂದಳು.

"ಬರ್ರಿ ಅಮ್ಮಾರ" ಅಂದಳು. "ನಮ್ಮನಿ ಇದು. ಒಳಗ ಬರ್ರಿ."